ನಾಯಿಯ ವಸಡಿಗೆ ಯಾವ ಮದ್ದು: ಬ್ರಶ್ಶೋ, ಕ್ಲೋರ್‌ಹೆಕ್ಸಿಡಿನ್ನೋ, ಗುಳಗಿಯೋ?

“ನಾಯಿ ಬಾಯಿ ಭಾಳ ನಾರಾಕತ್ತೈತ್ರಿ, ಏನಾರ ಒಂದ ಗುಳಗಿ ಕೊಡ್ರಿ.” ಮುಧೋಳ, ಜಮಖಂಡಿ, ಗೋಕಾಕ ಕಡೆಯ ಮೆಡಿಕಲ್ ಅಂಗಡಿಗಳಿಗೆ ಈ ಮಾತು ಹೊಸದಲ್ಲ. ಮನುಷ್ಯರ ಹಲ್ಲುನೋವಿಗೆ ಕೊಡುವ ನಾಲ್ಕು ಆಂಟಿಬಯೋಟಿಕ್ ಗುಳಗಿ ನಾಯಿಗೂ ಹೋಗುತ್ತವೆ. ವಾಸನೆ ತಗ್ಗುತ್ತದೆ, ತಿಂಗಳೊಳಗೆ ಮರಳುತ್ತದೆ, ಆಗ ಇನ್ನೂ ಜೋರಿನ ಗುಳಗಿ ಬೇಕೆನಿಸುತ್ತದೆ. ಬೆಳಗಾವಿಯಂಥ ಊರಿನ ಪೆಟ್ ಶಾಪಿಗೆ ಹೋದರೆ ಗೊಂದಲ ಬೇರೆ ತರಹದ್ದು: ಜೆಲ್, ಸ್ಪ್ರೇ, ನೀರಿಗೆ ಬೆರೆಸುವ ದ್ರವ, ಜಗಿಯುವ ಕಡ್ಡಿ. ಪಶುವೈದ್ಯರನ್ನು ಕೇಳಿದರೆ ಅರಿವಳಿಕೆ ಕೊಟ್ಟು ಹಲ್ಲು ಕ್ಲೀನ್ ಮಾಡಿಸಿ ಅನ್ನುತ್ತಾರೆ. ಇವುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು, ಯಾವಾಗ, ಯಾವುದನ್ನು ಬಿಡಬೇಕು ಎಂಬುದನ್ನು ಇಲ್ಲಿ ತೂಗಿ ನೋಡೋಣ.

ಅಳೆಯುವುದು ಯಾವುದರಿಂದ

ಮೊದಲ ಪ್ರಶ್ನೆ, ರೋಗ ಎಲ್ಲಿದೆ? ನಾಯಿಯ ತುಟಿಯನ್ನು ಪಕ್ಕದಿಂದ ಎತ್ತಿ ಮೇಲಿನ ದವಡೆಯ ಹಿಂಭಾಗದ ದೊಡ್ಡ ಹಲ್ಲನ್ನು ನೋಡಿ. ಜೊಲ್ಲಿನ ನಾಳ ಅಲ್ಲೇ ಬಾಯಿಗೆ ತೆರೆಯುವುದರಿಂದ ಗಾರೆ ಕಟ್ಟುವುದು ಅಲ್ಲೇ ಹೆಚ್ಚು. ತಿಕ್ಕಿದ ಹಲ್ಲಿನ ಮೇಲೆ 24 ಗಂಟೆಯೊಳಗೆ ಬ್ಯಾಕ್ಟೀರಿಯಗಳ ಪಾಚಿ ಕೂರುತ್ತದೆ. ಅದನ್ನು ಹಾಗೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಜೊಲ್ಲಿನ ಸುಣ್ಣದಂಶ ಸೇರಿ ಗಟ್ಟಿ ಗಾರೆಯಾಗಲು ಶುರುವಾಗುತ್ತದೆ. ಪಾಚಿಯನ್ನು ಬ್ರಶ್ಶಿನಿಂದ ತೆಗೆಯಬಹುದು, ಗಾರೆಯನ್ನು ಆಗದು.

ವಸಡಿನ ಅಂಚು ಮಾತ್ರ ಕೆಂಪಾಗಿ ಮುಟ್ಟಿದರೆ ರಕ್ತ ಬರುವುದು ಮೊದಲ ಹಂತ. ಇದು ಪೂರ್ತಿ ವಾಸಿಯಾಗುತ್ತದೆ. ಹಲ್ಲನ್ನು ಹಿಡಿದ ಎಲುಬು ಮತ್ತು ನಾರು ಕರಗತೊಡಗಿದರೆ ಎರಡನೆಯದು. ಹಿಡಿತ ಕಾಲುಭಾಗದಿಂದ ಅರ್ಧದವರೆಗೆ ಹೋದರೆ ಮೂರು, ಅರ್ಧಕ್ಕಿಂತ ಹೆಚ್ಚು ಹೋದರೆ ನಾಲ್ಕು. ಎರಡರಿಂದ ಮುಂದೆ ಹೋದದ್ದು ತಾನಾಗಿ ಮರಳಿ ಬರುವುದಿಲ್ಲ, ತಡೆದು ನಿಲ್ಲಿಸುವುದಷ್ಟೇ ಸಾಧ್ಯ. ಕಣ್ಣಳತೆಯಲ್ಲಿ ಮೊದಲ ಹಂತ ಗೊತ್ತಾಗುತ್ತದೆ, ಉಳಿದವಕ್ಕೆ ಅರಿವಳಿಕೆಯಲ್ಲಿ ಗೀಟಿನ ಕಡ್ಡಿಯಿಂದ ವಸಡಿನ ಸಂದು ಅಳೆಯಬೇಕು, ಎಕ್ಸ್‌ರೇ ಬೇಕು.

ಎರಡನೆಯ ಪ್ರಶ್ನೆ, ಮದ್ದು ಅಲ್ಲಿಗೆ ಮುಟ್ಟುತ್ತದೆಯೇ? ಎಲ್ಲ ತೂಕವೂ ನಿಂತಿರುವುದು ಇದರ ಮೇಲೆ. ಮೂರನೆಯದು, ಆ ಮದ್ದು ಬಾಯಿಯಾಚೆಗೆ ಏನು ಮಾಡುತ್ತದೆ? ಕರುಳಿನ ಬ್ಯಾಕ್ಟೀರಿಯಗಳಲ್ಲಿ ಯಾವುದನ್ನು ಕೊಂದು ಯಾವುದನ್ನು ಉಳಿಸುತ್ತದೆ? ನಾಲ್ಕನೆಯದು, ನಾಯಿ ಸುಮ್ಮನಿರುತ್ತದೆಯೇ, ಮನೆಯಲ್ಲಿ ದಿನಾ ಮಾಡುವವರು ಯಾರು? ಖರ್ಚನ್ನು ಕೊನೆಗೆ ಹಿಡಿಯಿರಿ. ತಿಂಗಳು ತಿಂಗಳು ಕೊಳ್ಳುವ ಅಗ್ಗದ ಗುಳಗಿಯ ಮೂರು ವರ್ಷದ ಲೆಕ್ಕ ಹಾಕಿದರೆ ಒಂದು ಸಲದ ದುಬಾರಿ ಕ್ಲೀನಿಂಗ್ ಅಷ್ಟೇನೂ ದುಬಾರಿ ಅನಿಸದು.

ಇದಕ್ಕೆಲ್ಲ ಮೊದಲು ಒಂದು ಎಚ್ಚರಿಕೆ. ನಮ್ಮ ಕಡೆ ಉಣ್ಣಿ ಜ್ವರ ಬಹಳ. ಅದರಲ್ಲಿ ಪ್ಲೇಟ್‌ಲೆಟ್ ಇಳಿದು ವಸಡಿನಿಂದ ರಕ್ತ ಒಸರುತ್ತದೆ. ಹಲ್ಲು ಸ್ವಚ್ಛವಾಗಿದ್ದೂ ರಕ್ತ ಬರುತ್ತಿದ್ದರೆ, ನಾಯಿ ಮಂಕಾಗಿದ್ದರೆ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಇದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮುದಿ ನಾಯಿಯ ಬಾಯಲ್ಲಿ ಮೂತ್ರದಂಥ ವಾಸನೆ, ನಾಲಗೆಯ ಅಂಚಿಗೆ ಹುಣ್ಣು ಇದ್ದರೆ ಕಿಡ್ನಿಯನ್ನು ನೋಡಿಸಬೇಕು.

ಗುಳಗಿ ಸೋಲುವುದು ಏಕೆ

ಕೆರೆಯ ಮೆಟ್ಟಿಲಿನ ಪಾಚಿಗೆ ಮೇಲಿಂದ ಏನು ಸುರಿದರೂ ಒಳಪದರ ಹಾಗೇ ಇರುತ್ತದೆ, ಕೆರೆದರೆ ಮಾತ್ರ ಹೋಗುತ್ತದೆ. ಹಲ್ಲಿನ ಪಾಚಿಯೂ ಹಾಗೆ. ಬ್ಯಾಕ್ಟೀರಿಯಗಳು ತಾವೇ ಸ್ರವಿಸಿದ ಲೋಳೆಯೊಳಗೆ ಪದರ ಪದರವಾಗಿ ಕೂತಿರುತ್ತವೆ. ಔಷಧ ಒಳಗಿಳಿಯುವುದು ನಿಧಾನ. ತಳದಲ್ಲಿರುವವು ಬೆಳವಣಿಗೆ ನಿಲ್ಲಿಸಿ ಮಲಗಿದಂತಿರುತ್ತವೆ, ಬೆಳೆಯುವ ಬ್ಯಾಕ್ಟೀರಿಯವನ್ನಷ್ಟೇ ಕೊಲ್ಲುವ ಅಮಾಕ್ಸಿಸಿಲಿನ್‌ನಂಥ ಮದ್ದು ಅವುಗಳ ಮೇಲೆ ನಡೆಯದು. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯ ಸಾಯುವ ಪ್ರಮಾಣದ ನೂರಾರು ಪಟ್ಟು ಔಷಧ ಕೊಟ್ಟರೂ ಪಾಚಿಯೊಳಗಿನದು ಬದುಕಬಲ್ಲದು. ಗುಳಗಿ ತಿಂದಾಗ ವಸಡಿನ ಊತ ಇಳಿಯುವುದು ನಿಜ, ಅಂಗಾಂಶದೊಳಗೆ ನುಗ್ಗಿದವು ಸಾಯುತ್ತವೆ. ಮೂಲ ಮಾತ್ರ ಹಲ್ಲಿಗಂಟಿಕೊಂಡೇ ಇರುತ್ತದೆ.

ಗುಳಗಿ ಅಷ್ಟೊತ್ತಿಗೆ ಕರುಳಿಗೂ ಮುಟ್ಟಿರುತ್ತದೆ. ಅಲ್ಲಿನ ಸಾಮಾನ್ಯ ಇ. ಕೋಲೈ ಸತ್ತು, ಮದ್ದಿಗೆ ಬಗ್ಗದವು ಉಳಿದು ಹೆಚ್ಚುತ್ತವೆ. ಮದ್ದಿಗೆ ಬಗ್ಗದ ಈ ಗುಣದ, ಅಂದರೆ ನಿರೋಧದ, ಜೀನ್‌ಗಳು ಪ್ಲಾಸ್ಮಿಡ್ ಎಂಬ ಸಣ್ಣ ತುಣುಕುಗಳ ಮೇಲೆ ಕೂತು ಒಂದು ಜಾತಿಯ ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟುತ್ತವೆ. ನಾಯಿ ಅಂಗಳದಲ್ಲಿ ಮಲ ಹಾಕುತ್ತದೆ, ಮಕ್ಕಳ ಕೈ ನೆಕ್ಕುತ್ತದೆ. ಬಾಯಲ್ಲೂ ಅಷ್ಟೇ. ವಸಡಿನ ಆಳದಲ್ಲಿರುವ ಪಾರ್ಫಿರೋಮೊನಾಸ್, ಪ್ರಿವೊಟೆಲ್ಲಾ ಗುಂಪಿನ ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳಲ್ಲಿ ಕೆಲವು ಪೆನಿಸಿಲಿನ್ ಜಾತಿಯ ಮದ್ದನ್ನು ಒಡೆದುಹಾಕುವ ಬೀಟಾ ಲ್ಯಾಕ್ಟಮೇಸ್ ತಯಾರಿಸುತ್ತವೆ. ಅರ್ಧ ಕೋರ್ಸ್, ಕಡಿಮೆ ಡೋಸ್, ತಿಂಗಳಿಗೊಮ್ಮೆ ಐದು ದಿನ ಎಂಬ ಪದ್ಧತಿಗಳೆಲ್ಲ ಅಂಥವನ್ನೇ ಆಯ್ದು ಸಾಕಿದಂತೆ. ತಿಂಗಳಿಗೊಮ್ಮೆ ಗುಳಗಿ ಕೊಡುವ ರೂಢಿ ಹಿಂದೆ ವೈದ್ಯರಲ್ಲೇ ಇತ್ತು. ಈಗಿನ ಪಶು ದಂತವೈದ್ಯರು ಅದನ್ನು ಒಪ್ಪುವುದಿಲ್ಲ.

ಬ್ರಶ್: ಅಗ್ಗ, ಬೇಸರದ ಕೆಲಸ, ಎಲ್ಲಕ್ಕಿಂತ ಮೇಲು

ಮೊದಲ ಹಂತಕ್ಕೆ ಇದೊಂದೇ ಸಾಕು. ನಿರೋಧದ ಭಯ ಸೊನ್ನೆ. ಮಗುವಿನ ಮೆತ್ತನೆಯ ಬ್ರಶ್, ನಾಯಿಗೆಂದೇ ಮಾಡಿದ ಪೇಸ್ಟ್. ಪೇಸ್ಟ್ ಇಲ್ಲದಿದ್ದರೆ ಬರೀ ನೀರು. ಪಾಚಿ ತೆಗೆಯುವುದು ಬ್ರಶ್ಶಿನ ಎಳೆ, ಪೇಸ್ಟ್ ಬರೀ ರುಚಿಗೆ. ನಮ್ಮ ಪೇಸ್ಟ್ ಬೇಡ. ನೊರೆ ಮತ್ತು ಫ್ಲೋರೈಡನ್ನು ನಾಯಿ ನುಂಗಿಬಿಡುತ್ತದೆ. ಕೆಲವದರಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಇರುತ್ತದೆ, ಅದು ನಾಯಿಯ ರಕ್ತದ ಸಕ್ಕರೆಯನ್ನು ಏಕಾಏಕಿ ಇಳಿಸಿ ಲಿವರ್ ಕೆಡಿಸುವ ವಿಷ.

ಮೊದಲ ವಾರ ಬೆರಳಿಗೆ ಮಟನ್ ಬೇಯಿಸಿದ ನೀರು ಹಚ್ಚಿ ವಸಡು ಸವರಿ. ಅದರಲ್ಲಿ ಉಪ್ಪು, ಉಳ್ಳಾಗಡ್ಡಿ ಇರಬಾರದು. ಎರಡನೆಯ ವಾರ ಬೆರಳಿಗೆ ಸುತ್ತಿದ ಬಟ್ಟೆ, ಆಮೇಲೆ ಬ್ರಶ್. ಬಾಯಿ ಅಗಲಿಸಬೇಕಿಲ್ಲ, ತುಟಿ ಎತ್ತಿದರೆ ಸಾಕು. ಹಲ್ಲು ಮತ್ತು ವಸಡು ಕೂಡುವ ಕಡೆಗೆ ಎಳೆಗಳನ್ನು 45 ಡಿಗ್ರಿ ಓರೆಯಾಗಿಟ್ಟು ಸಣ್ಣ ಸುತ್ತು ತಿರುಗಿಸಿ, ಒಂದೊಂದು ಬದಿಗೆ ಅರ್ಧ ನಿಮಿಷ. ಒಳಬದಿಯನ್ನು ನಾಲಗೆ ತಕ್ಕಮಟ್ಟಿಗೆ ನೋಡಿಕೊಳ್ಳುತ್ತದೆ. ದಿನಾ ಮಾಡಬೇಕು. ವಾರಕ್ಕೊಮ್ಮೆ ತಿಕ್ಕುವುದು ಕಣ್ಣೊರೆಸುವ ಕೆಲಸ, ಅಷ್ಟರಲ್ಲಿ ಪಾಚಿ ಗಾರೆಯಾಗಿರುತ್ತದೆ. ಎರಡನೆಯ ಹಂತ ದಾಟಿ ನೋವಿರುವ ಬಾಯಿಗೆ ಬ್ರಶ್ ಹಾಕಿದರೆ ನಾಯಿ ಕಚ್ಚುತ್ತದೆ, ಮುಂದೆಂದೂ ಬಾಯಿ ಮುಟ್ಟಗೊಡುವುದಿಲ್ಲ. ಅಂಥ ಬಾಯಿಗೆ ಮೊದಲು ಕ್ಲೀನಿಂಗ್, ಆಮೇಲೆ ಬ್ರಶ್.

ನಿಪ್ಪಾಣಿ ಕಡೆಯ ಮನೆಗಳಲ್ಲಿ ಮಶೇರಿ ಇರುತ್ತದೆ. ಸುಟ್ಟ ತಂಬಾಕಿನ ಆ ಪುಡಿಯನ್ನು ನಾಯಿಯ ವಸಡಿಗೆ ತಿಕ್ಕಬೇಡಿ, ನಿಕೋಟಿನ್ ವಿಷ. ಲವಂಗದ ಎಣ್ಣೆಯೂ ಬೇಡ.

ಕ್ಲೋರ್‌ಹೆಕ್ಸಿಡಿನ್: ಎರಡು ವಾರದ ಗೆಳೆಯ

ಇದು ಬಾಯಿಯ ಬ್ಯಾಕ್ಟೀರಿಯ ಕೊಲ್ಲಲು ಮೇಲಿಂದ ಹಾಕುವ ಆಂಟಿಸೆಪ್ಟಿಕ್. ಹಲ್ಲಿಗೂ ವಸಡಿಗೂ ಅಂಟಿ ಗಂಟೆಗಟ್ಟಲೆ ಕೆಲಸ ಮಾಡುವುದು ಇದರ ಹೆಚ್ಚುಗಾರಿಕೆ. ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ನಾಯಿಗೆ ಬಳಸುವ ಪ್ರಮಾಣ 0.12%. ಪಶು ಔಷಧದ ಜೆಲ್ ಅಥವಾ ದ್ರವ ಸಿಕ್ಕರೆ ಅದೇ ಒಳ್ಳೆಯದು. ಸಿಗದಿದ್ದಾಗ ಮನುಷ್ಯರ 0.2% ಮೌತ್‌ವಾಶನ್ನು ವೈದ್ಯರು ತೆಳುಮಾಡಿ ಬಳಸಲು ಹೇಳಬಹುದು: 6 ಮಿ.ಲೀ. ದ್ರವಕ್ಕೆ 4 ಮಿ.ಲೀ. ನೀರು ಸೇರಿಸಿದರೆ 0.12% ಆಗುತ್ತದೆ. ಬಾಟಲಿಯ ಮೇಲೆ ಕ್ಸೈಲಿಟಾಲ್ ಅಥವಾ ಆಲ್ಕೋಹಾಲ್ ಇದೆಯೇ ಓದಿ, ಇದ್ದರೆ ವಾಪಸ್ ಕೊಡಿ. ವಿಜಯಪುರ, ಬಾಗಲಕೋಟೆಯ ಗಡಸು ಬೋರ್‌ವೆಲ್ ನೀರು ಬೆರೆಸಿದರೆ ಅದರ ಸಲ್ಫೇಟ್, ಕ್ಲೋರೈಡ್ ಜೊತೆ ಸೇರಿ ಮದ್ದು ಬಿಳಿ ಗಸಿಯಾಗಿ ತಳ ಸೇರುತ್ತದೆ, ಮೇಲೆ ಉಳಿಯುವುದು ಬಲಗುಂದಿದ ದ್ರವ. ಬ್ಯಾಟರಿ ಅಂಗಡಿಯ ನೀರಲ್ಲ, ಔಷಧ ಅಂಗಡಿಯ ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರು ಬಳಸಿ. ಅಂದಂದಿನದು ಅಂದೇ ಮಾಡಿಕೊಳ್ಳಿ. ತೆಳುಮಾಡಿದ ದ್ರವವನ್ನು ವಾರಗಟ್ಟಲೆ ಇಟ್ಟರೆ ಕೆಲವು ಹಟಮಾರಿ ಬ್ಯಾಕ್ಟೀರಿಯಗಳು ಅದರಲ್ಲೇ ಬೆಳೆಯುತ್ತವೆ.

ಸಿರಿಂಜಿನ ಸೂಜಿ ತೆಗೆದು, ಕೆನ್ನೆಯ ಸಂದಿನಿಂದ ಹಲ್ಲಿನ ಸಾಲಿಗೆ ಹರಿಸಿ, ದಿನಕ್ಕೆ ಒಂದೆರಡು ಸಲ. ಗಂಟಲಿಗೆ ನೇರ ಹೊಡೆಯಬೇಡಿ. ಕಣ್ಣಿಗೆ ಬಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ ಪೆಟ್ಟು. ನೊರೆ ಬರುವ ಪೇಸ್ಟ್ ಬಳಸಿದ್ದರೆ ಅರ್ಧ ಗಂಟೆಯಾದರೂ ಬಿಟ್ಟು ಹಾಕಿ, ಪೇಸ್ಟಿನ ನೊರೆಯ ರಾಸಾಯನಿಕ ಇದನ್ನು ಕೆಡಿಸುತ್ತದೆ. ಎರಡು ವಾರ ಮೀರಿ ನಡೆಸಿದರೆ ಹಲ್ಲಿಗೆ ಕಂದು ಕರೆ ಹತ್ತುತ್ತದೆ, ನಾಯಿಯ ರುಚಿ ಕೆಟ್ಟು ಊಟ ಬಿಡಬಹುದು.

ಮಿತಿ ಎಲ್ಲಿ? ಗಾರೆಯನ್ನು ಕರಗಿಸದು, ದಪ್ಪ ಪಾಚಿಯೊಳಗೆ ಇಳಿಯದು, ಆಳದ ಸಂದಿಗೆ ಹೋಗದು, ಕೀವು ರಕ್ತ ಇದ್ದಲ್ಲಿ ಮಂಕಾಗುತ್ತದೆ. ಕ್ಲೀನಿಂಗ್ ಆದ ಮೇಲಿನ ಎರಡು ವಾರಕ್ಕೆ, ಅಥವಾ ಬ್ರಶ್ ಒಪ್ಪದ ಮೊದಲ ಹಂತದ ನಾಯಿಗೆ ಇದು ಸರಿಯಾದ ಆಯ್ಕೆ. ಆಂಟಿಸೆಪ್ಟಿಕ್‌ಗೆ ನಿರೋಧವೇ ಬರದು ಅನ್ನುವುದೂ ತಪ್ಪು. ಕ್ಲೋರ್‌ಹೆಕ್ಸಿಡಿನ್ ಅನ್ನು ಹೊರದಬ್ಬುವ ಜೀನ್‌ಗಳು ಸ್ಟಾಫಿಲೊಕಾಕಸ್‌ಗಳಲ್ಲಿವೆ. ವರ್ಷಪೂರ್ತಿ ತೆಳ್ಳಗೆ ಹಾಕುತ್ತ ಕೂರುವುದಕ್ಕಿಂತ ಸರಿಯಾದ ಪ್ರಮಾಣದಲ್ಲಿ ಹಾಕಿ ನಿಲ್ಲಿಸುವುದು ಲೇಸು. ಸ್ಯಾವ್‌ಲಾನ್‌ನಲ್ಲೂ ಕ್ಲೋರ್‌ಹೆಕ್ಸಿಡಿನ್ ಇದೆಯಲ್ಲ ಎಂದು ಬಾಯಿಗೆ ಹಾಕಬೇಡಿ. ಅದರಲ್ಲಿ ಸೆಟ್ರಿಮೈಡ್ ಇದೆ, ನಾಲಗೆ ಸುಟ್ಟು ಹುಣ್ಣಾಗುತ್ತದೆ.

ಪೆಟ್ ಶಾಪಿನ ಕಪಾಟು

ಜಗಿಯುವ ಕಡ್ಡಿ, ನೀರಿನ ದ್ರವ, ಕಡಲಪಾಚಿ ಪುಡಿ ಇವೆಲ್ಲ ಬ್ರಶ್ಶಿಗೆ ಪೂರಕ. ಕೆಲವದರಲ್ಲಿರುವ ಹೆಕ್ಸಾಮೆಟಾಫಾಸ್ಫೇಟ್ ಜೊಲ್ಲಿನ ಕ್ಯಾಲ್ಸಿಯಂ ಹಿಡಿದಿಟ್ಟು ಗಾರೆಯಾಗುವುದನ್ನು ನಿಧಾನಿಸುತ್ತದೆ. ಪ್ರಾಣಿಗಳ ಹಲ್ಲಿನ ಸಾಮಾನುಗಳನ್ನು ಪರಿಶೀಲಿಸುವ ವಿಒಎಚ್‌ಸಿ ಮಂಡಳಿಯ ಮುದ್ರೆ ಇದ್ದರೆ ಪರೀಕ್ಷೆಯಲ್ಲಿ ಪಾಸಾಗಿದೆ ಎಂದರ್ಥ, ಇಲ್ಲದಿದ್ದರೆ ಪ್ಯಾಕೆಟ್ಟಿನ ಚಿತ್ರವೇ ಆಧಾರ. ಕಡ್ಡಿ ಗಟ್ಟಿಯೋ ಎಂದು ಉಗುರು ಒತ್ತಿ ನೋಡಿ. ಉಗುರಿನ ಗುರುತು ಬೀಳದಷ್ಟು ಗಟ್ಟಿ ಇದ್ದರೆ ಹಲ್ಲು ಸೀಳುತ್ತದೆ. ಮಟನ್ ಅಂಗಡಿಯ ನಳ್ಳಿ ಎಲುಬಿಗೂ ಇದೇ ಮಾತು. ಕಬ್ಬಿನ ಗಣಿಕೆ ಜಗಿದರೆ ಹಲ್ಲು ತೊಳೆಯುತ್ತದೆ ಎಂಬ ನಂಬಿಕೆ ಬೇಡ, ಅದರ ನಾರು ಸಂದಿಗೆ ಸಿಕ್ಕು ವಸಡಿಗೆ ಗಾಯ ಮಾಡಬಹುದು.

ಅರಿವಳಿಕೆಯಲ್ಲಿ ಕ್ಲೀನಿಂಗ್

ಗಾರೆ ಕಟ್ಟಿದ ಮೇಲೆ ಇದಕ್ಕೆ ಬದಲಿ ಇಲ್ಲ. ಎಚ್ಚರವಿರುವ ನಾಯಿಯನ್ನು ಹಿಡಿದು ಕೊಕ್ಕೆಯಿಂದ ಕೆರೆದರೆ ಕಾಣುವ ಭಾಗ ಬೆಳ್ಳಗಾಗುತ್ತದೆ, ರೋಗವಿರುವ ವಸಡಿನ ಒಳಗು ಹಾಗೇ ಉಳಿಯುತ್ತದೆ. ಆ ಬಿಳುಪು ನೋಡಿ ವರ್ಷಗಟ್ಟಲೆ ಮೋಸಹೋಗುವವರಿದ್ದಾರೆ.

ವೈದ್ಯರನ್ನು ಕೇಳಬೇಕಾದದ್ದು ಕೆಲವಿವೆ. ಶ್ವಾಸನಾಳಕ್ಕೆ ಗಾಳಿಬುಗ್ಗೆಯ ಟ್ಯೂಬ್ ಹಾಕುತ್ತೀರಾ? ಇಲ್ಲದಿದ್ದರೆ ಗಾರೆ ತೆಗೆಯುವ ಸ್ಕೇಲರ್ ಯಂತ್ರದ ನೀರು ಪುಪ್ಪುಸಕ್ಕೆ ಇಳಿಯುತ್ತದೆ. ವಸಡಿನ ಕೆಳಗೂ ಸ್ವಚ್ಛ ಮಾಡುತ್ತೀರಾ? ಕೊನೆಗೆ ಪಾಲಿಶ್ ಇದೆಯೇ? ಸ್ಕೇಲರ್ ಬಿಟ್ಟುಹೋದ ಒರಟು ಮೇಲ್ಮೈಯಲ್ಲಿ ಪಾಚಿ ಬೇಗ ಕೂರುತ್ತದೆ. ಹಲ್ಲಿನ ಎಕ್ಸ್‌ರೇ ಇಲ್ಲದ ಕಡೆ, ಅಲುಗುವ ಹಲ್ಲನ್ನಾದರೂ ಕೀಳಲು ಒಪ್ಪಿಕೊಳ್ಳಿ. ನಾಯಿಗಿರುವ 42ರಲ್ಲಿ ಕೊಳೆತ ನಾಲ್ಕು ಹೋದರೆ ಅದು ಇನ್ನೂ ಚೆನ್ನಾಗಿ ತಿನ್ನುತ್ತದೆ.

ಮುಧೋಳ ನಾಯಿ ಸಾಕಿದವರು ಒಂದು ಮಾತು ಮರೆಯಬಾರದು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ತಂದದ್ದಿರಲಿ, ಊರಲ್ಲೇ ಹುಟ್ಟಿದ್ದಿರಲಿ, ಅದು ಗ್ರೇಹೌಂಡ್ ಮೈಕಟ್ಟಿನ ಬೇಟೆನಾಯಿ. ಮೈಯಲ್ಲಿ ಕೊಬ್ಬು ತೀರ ಕಡಿಮೆ. ಥಯೋಪೆಂಟಾಲ್‌ನಂಥ ಅರಿವಳಿಕೆ ಕೊಟ್ಟರೆ ಈ ಮೈಕಟ್ಟಿನ ನಾಯಿಗಳು ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತವೆ, ಮೈ ಬೇಗ ತಣ್ಣಗಾಗುತ್ತದೆ. ಬೇರೆ ಔಷಧ ಆರಿಸಲು, ಕಂಬಳಿ ಹೊದಿಸಲು ಮೊದಲೇ ಹೇಳಿ. ಉಣ್ಣಿ ಜ್ವರದ ಊರಾದ್ದರಿಂದ ಪ್ಲೇಟ್‌ಲೆಟ್, ಜೊತೆಗೆ ಕಿಡ್ನಿ, ಲಿವರ್ ಪರೀಕ್ಷೆ ಮುಗಿಸಿಯೇ ಹೋಗಿ.

ಆರೋಗ್ಯವಂತ ನಾಯಿಗೆ ಕ್ಲೀನಿಂಗಿಗೆ ಮುಂಚೆ ಐದು ದಿನ, ಆಮೇಲೆ ಏಳು ದಿನ ಗುಳಗಿ ಬೇಕಿಲ್ಲ. ಸ್ಕೇಲಿಂಗ್ ವೇಳೆ ರಕ್ತಕ್ಕೆ ನುಸುಳುವ ಬ್ಯಾಕ್ಟೀರಿಯವನ್ನು ದೇಹ ಸುಮಾರು ಅರ್ಧ ಗಂಟೆಯಲ್ಲಿ ತೊಡೆದುಹಾಕುತ್ತದೆ. ಹಿಂದೆ ಹೃದಯದ ಒಳಪೊರೆಗೆ ಸೋಂಕು ತಗುಲಿದ್ದ ನಾಯಿ, ಸ್ಟೀರಾಯ್ಡ್ ನಡೆಯುತ್ತಿರುವ ನಾಯಿ, ಇಂಥವಕ್ಕೆ ಆ ಹೊತ್ತಿಗೊಂದು ಇಂಜೆಕ್ಷನ್ ಸಾಕಾಗುತ್ತದೆ.

ಕ್ಲೀನಿಂಗ್ ಮುಗಿದಾಗ 4 ಮಿ.ಮೀ. ಮೀರಿದ ಸಂದು ಉಳಿದಿದ್ದರೆ ಡಾಕ್ಸಿಸೈಕ್ಲಿನ್ ಜೆಲ್ ಅಥವಾ ಮನುಷ್ಯರ ದಂತವೈದ್ಯರು ಬಳಸುವ 2.5 ಮಿ.ಗ್ರಾಂ. ಕ್ಲೋರ್‌ಹೆಕ್ಸಿಡಿನ್ ಚಿಪ್ ಅಲ್ಲೇ ಇಡಬಹುದು. ಬೇಕಾದಲ್ಲಿ ಮಾತ್ರ ಸಾಂದ್ರ ಮದ್ದು, ಕರುಳಿಗೆ ಹೋಗುವುದು ನಗಣ್ಯ. ನಿರೋಧದ ದೃಷ್ಟಿಯಿಂದ ಗುಳಗಿಗಿಂತ ಎಷ್ಟೋ ಮೇಲು. ಸಿಗುವುದು ಕಷ್ಟ, ಒಂದೊಂದು ಸಂದಿಗೂ ಖರ್ಚು. ಜೆಲ್ ಇಟ್ಟ ಹಲ್ಲನ್ನು ಎರಡು ವಾರ ತಿಕ್ಕಬಾರದು.

ಗುಳಗಿ ಬೇಕೇ ಬೇಕಾದಾಗ

ಕಣ್ಣಿನ ಕೆಳಗೆ ಕೆನ್ನೆ ಊದಿದ್ದು, ಜ್ವರ, ಕೀವು ಹರಿಯುವುದು, ದವಡೆಯ ಎಲುಬಿಗೆ ಸೋಂಕು, ಬಾಯಿತುಂಬ ಹುಣ್ಣು. ಆಗಲೂ ಗುಳಗಿ ಹಲ್ಲು ಕೀಳುವ ದಿನದವರೆಗಿನ ಆಸರೆ ಅಷ್ಟೇ. ಈ ಔಷಧಗಳೆಲ್ಲ ವೈದ್ಯರ ಚೀಟಿಯ ಮೇಲೆ ಮಾರಬೇಕಾದವು. ಕೆಳಗಿನ ಲೆಕ್ಕ ಚೀಟಿ ಅರ್ಥವಾಗಲಿ ಎಂದು.

ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಸಾಮಾನ್ಯವಾಗಿ ಕೆ.ಜಿ.ಗೆ 12.5 ಮಿ.ಗ್ರಾಂ., 12 ಗಂಟೆಗೊಮ್ಮೆ. 25 ಕೆ.ಜಿ.ಯ ಮುಧೋಳ ಗಂಡುನಾಯಿಗೆ 312.5 ಮಿ.ಗ್ರಾಂ., ಅಂದರೆ 625ರ ಗುಳಗಿಯ ಸರಿಯಾಗಿ ಅರ್ಧ. 375ರ ಇಡೀ ಗುಳಗಿ ಹತ್ತಿರದ್ದು ಅನಿಸುತ್ತದೆ, ಆದರೆ ಅದರಲ್ಲಿ ಕ್ಲಾವುಲನೇಟ್ ಪಾಲು ಎರಡು ಪಟ್ಟು, ಭೇದಿ ಹೆಚ್ಚು. ಈ ಜೋಡಿ ಮದ್ದು ಬೀಟಾ ಲ್ಯಾಕ್ಟಮೇಸ್ ಇರುವ ಬ್ಯಾಕ್ಟೀರಿಯಕ್ಕೂ ನಡೆಯುತ್ತದೆ. ತೇವ ತಾಗಿದರೆ ಕ್ಲಾವುಲನೇಟ್ ಕೆಡುತ್ತದೆ. ಅರ್ಧ ಮುರಿದ ಗುಳಗಿಯನ್ನು ತೆರೆದಿಡಬೇಡಿ. ನೀರು ಬೆರೆಸಿದ ಸಿರಪ್ ಫ್ರಿಜ್ಜಿನಲ್ಲಿ ಒಂದು ವಾರ ಅಷ್ಟೇ. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಬಂದು ಆಗುವ ಊರಿಗೆ ಗುಳಗಿಯೇ ವಾಸಿ.

ಕ್ಲಿಂಡಾಮೈಸಿನ್ ಎಲುಬಿಗೆ ಚೆನ್ನಾಗಿ ಇಳಿಯುತ್ತದೆ, ಆಮ್ಲಜನಕ ಬೇಡದವುಗಳ ಮೇಲೆ ಹಿಡಿತ ಒಳ್ಳೆಯದು. ಕೆ.ಜಿ.ಗೆ 5.5 ಮಿ.ಗ್ರಾಂ.ನಿಂದ, 12 ಗಂಟೆಗೊಮ್ಮೆ. ಅದೇ 25 ಕೆ.ಜಿ. ನಾಯಿಗೆ 150ರ ಒಂದು ಕ್ಯಾಪ್ಸೂಲ್ ಹೊಂದುತ್ತದೆ. ಒಣಗಂಟಲಿಗೆ ನುಂಗಿಸಿದರೆ ಅನ್ನನಾಳದಲ್ಲಿ ಸಿಕ್ಕು ಹುಣ್ಣು ಮಾಡಬಹುದು, ಹಿಂದೆಯೇ ಒಂದು ತುತ್ತು ಕೊಡಿ. ಮೊಲ ಅಥವಾ ಗಿನಿ ಪಿಗ್ ಇರುವ ಮನೆಯಲ್ಲಿ ಅವುಗಳ ಬಾಯಿಗೆ ಬೀಳದಂತೆ ನೋಡಿಕೊಳ್ಳಿ, ಅವಕ್ಕೆ ಇದು ಪ್ರಾಣಾಂತಿಕ. ಎಲುಬಿನ ಸೋಂಕಿದ್ದರೆ ಇದನ್ನೇ ಮೇಲಿಡಬೇಕು.

ಮೆಟ್ರೊನಿಡಜೋಲ್ ಅಗ್ಗ, ಆಮ್ಲಜನಕ ಬೇಡದವುಗಳ ಮೇಲೆ ಮಾತ್ರ ಕೆಲಸ, ಭಾರೀ ಕಹಿ. ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ., ದಿನಕ್ಕೆರಡು ಸಲ. ತಪ್ಪಾಗುವುದು ಸಣ್ಣ ನಾಯಿಗಳಲ್ಲಿ. 5 ಕೆ.ಜಿ. ಪೊಮೆರೇನಿಯನ್‌ಗೆ ಬೇಕಾದದ್ದು 50ರಿಂದ 75 ಮಿ.ಗ್ರಾಂ.; ಮನೆಯಲ್ಲಿದ್ದ 400ರ ಇಡೀ ಗುಳಗಿ ಕೊಟ್ಟರೆ ಕೆ.ಜಿ.ಗೆ 80. ದಿನಾ ಹೀಗೆ ಹೋದರೆ ನಾಯಿ ಓಲಾಡುತ್ತದೆ, ಕಣ್ಣುಗುಡ್ಡೆ ಅದುರುತ್ತವೆ. ಕೂಡಲೇ ನಿಲ್ಲಿಸಿ ದನದ ದವಾಖಾನೆಗೆ ಓಡಬೇಕು.

ಡಾಕ್ಸಿಸೈಕ್ಲಿನ್ ಗುಳಗಿಯನ್ನು ವಸಡಿಗೆ ಖರ್ಚುಮಾಡದಿರುವುದೇ ನಮ್ಮ ಭಾಗದಲ್ಲಿ ಜಾಣತನ. ಉಣ್ಣಿ ಜ್ವರಕ್ಕೆ ಮೊದಲ ಮದ್ದು ಅದೇ. ಮರಿಗಳ ಹಲ್ಲಿಗೆ ಹಳದಿ ಕರೆ ಹತ್ತಿಸಬಹುದು ಬೇರೆ. ಎನ್ರೊಫ್ಲಾಕ್ಸಸಿನ್ ಆಮ್ಲಜನಕ ಬೇಡದ ಬ್ಯಾಕ್ಟೀರಿಯಗಳ ಮೇಲೆ ಬಲಹೀನ, ಬೆಳೆಯುವ ನಾಯಿಯ ಕೀಲಿಗೆ ಕೆಟ್ಟದ್ದು, ವಸಡಿಗೆ ತಪ್ಪು ಆಯ್ಕೆ. ಅಜಿಥ್ರೊಮೈಸಿನ್, ಸೆಫಿಕ್ಸಿಮ್ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶುರುಮಾಡಿದ ವಿಂಗಡಣೆಯಲ್ಲಿ ಇವೆರಡೂ ನಿರೋಧದ ಅಪಾಯ ಹೆಚ್ಚಿರುವ, ನಿಗಾ ಬೇಕಾದ ಗುಂಪಿನವು. ಮೇಲೆ ಹೇಳಿದ ಮೊದಲ ನಾಲ್ಕೂ ಮೊದಲು ಕೈಹಾಕಬಹುದಾದ ಗುಂಪಿನಲ್ಲಿವೆ.

ಯಾರಿಗೆ ಯಾವುದು

ಎರಡು ವರ್ಷದ ನಾಯಿ, ವಸಡು ಕೆಂಪು, ಗಾರೆ ಇಲ್ಲ: ಬ್ರಶ್ ಕಲಿಸಿ, ಬೇಕಾದರೆ ಎರಡು ವಾರ ಕ್ಲೋರ್‌ಹೆಕ್ಸಿಡಿನ್. ಔಷಧದ ಖರ್ಚು ಇಲ್ಲವೆನ್ನುವಷ್ಟು.

ಬೆಳಗಾವಿಯ ಫ್ಲ್ಯಾಟಿನ ಪೊಮೆರೇನಿಯನ್ ಅಥವಾ ಪಗ್, ಐದು ದಾಟಿದೆ, ಹಳದಿ ಗಾರೆ ಇದೆ: ಚಿಕ್ಕ ದವಡೆಯಲ್ಲಿ ಹಲ್ಲು ಒತ್ತೊತ್ತಾಗಿರುವುದರಿಂದ ಇವಕ್ಕೆ ರೋಗ ಬೇಗ. ಜೆಲ್, ಕಡ್ಡಿಗೆ ಹಾಕುವ ದುಡ್ಡು ಕೂಡಿಟ್ಟು ಒಮ್ಮೆ ಕ್ಲೀನಿಂಗ್ ಮಾಡಿಸಿ, ಆಮೇಲೆ ದಿನಾ ಬ್ರಶ್.

ಹೊಲದ ಮನೆಯ ನಾಯಿ, ಬಾಯಿ ಮುಟ್ಟಗೊಡದು, ಕೈಯಲ್ಲಿ ದುಡ್ಡಿಲ್ಲ: ಹಾಲು ರೊಟ್ಟಿ ಕಲಸಿದ ಮೆತ್ತನೆಯ ಊಟ ಆದ ಮೇಲೆ ಉಗುರಿಗೆ ಬಗ್ಗುವ ಜಗಿಯುವ ವಸ್ತು ಕೊಡಿ, ಆರು ತಿಂಗಳಿಗೊಮ್ಮೆ ತುಟಿ ಎತ್ತಿ ನೋಡಿ. ಅಲುಗುವ ಹಲ್ಲು ಕಂಡರೆ ಜಿಲ್ಲಾ ಪಶು ಆಸ್ಪತ್ರೆಯಲ್ಲಿ ಕೀಳಿಸಿ. ಇಡೀ ಬಾಯಿ ಪಾಲಿಶ್ ಮಾಡಿಸಲು ಆಗದಿದ್ದರೂ ಕೊಳೆತ ಹಲ್ಲು ಹೋದರೆ ಸೋಂಕಿನ ಮೂಲ ಹೋಗುತ್ತದೆ, ಗುಳಗಿಯಿಂದ ಆಗದ ಕೆಲಸ ಅದು.

ಮುದಿ ನಾಯಿ, ಹೃದಯ ಅಥವಾ ಕಿಡ್ನಿ ತೊಂದರೆ: ಅರಿವಳಿಕೆಯ ಅಪಾಯವನ್ನೂ ಬಾಯಲ್ಲಿ ದಿನಾ ಇರುವ ನೋವು, ಕೀವನ್ನೂ ವೈದ್ಯರು ತೂಗಬೇಕು. ವಯಸ್ಸಾಯಿತು ಎಂಬುದೊಂದೇ ಕಾರಣಕ್ಕೆ ಬಿಡಬೇಕಿಲ್ಲ. ಬಿಡಲೇಬೇಕಾದರೆ ಕ್ಲೋರ್‌ಹೆಕ್ಸಿಡಿನ್ ಮತ್ತು ನೋವಿನ ಮದ್ದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಗೆ ಕೊಡಬಾರದು.

ಚೀಟಿಯಂತೆ ಗುಳಗಿ ಶುರುವಾಗಿದ್ದರೆ ಏಳನೆಯ ದಿನಕ್ಕೆ ಮತ್ತೆ ತೋರಿಸಿ. ಊತ ಇಳಿಯದಿದ್ದರೆ ಇನ್ನೂ ಜೋರಿನದು ಕೇಳಬೇಡಿ, ಬೇರಿನಲ್ಲಿ ಕೊಳೆತ ಹಲ್ಲು ಉಳಿದಿರಬಹುದು, ಎಕ್ಸ್‌ರೇ ಕೇಳಿ. ಯಾವ ಬ್ಯಾಕ್ಟೀರಿಯ, ಯಾವ ಮದ್ದಿಗೆ ಬಗ್ಗುತ್ತದೆ ಎಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸುವುದಾದರೆ ಊತದೊಳಗಿನ ಕೀವನ್ನು ಸೂಜಿಯಿಂದ ಎಳೆದು ಕಳಿಸಬೇಕು. ವಸಡಿನ ಮೇಲೆ ಹತ್ತಿ ಸವರಿ ಕಳಿಸಿದರೆ ಬಾಯಿಯ ಬ್ಯಾಕ್ಟೀರಿಯಗಳೆಲ್ಲ ಬೆಳೆದು ವರದಿ ಯಾವುದಕ್ಕೂ ಬರುವುದಿಲ್ಲ. ಉಳಿದ ಗುಳಗಿಯನ್ನು ಮುಂದಿನ ಸಲಕ್ಕೆಂದು ಎತ್ತಿಡಬೇಡಿ, ತಿಪ್ಪೆಗೂ ಎಸೆಯಬೇಡಿ. ಆ ಗೊಬ್ಬರ ಹೊಲಕ್ಕೇ ಹೋಗುತ್ತದೆ. ತೆಗೆದುಕೊಂಡ ದವಾಖಾನೆಗೇ ಕೊಟ್ಟು ಆಸ್ಪತ್ರೆ ಕಸದ ಜೊತೆ ಹಾಕಲು ಹೇಳಿ.